ಅರಬ್ಬೀ ಮಾತಾಡುವ ಮನೆ

ಅರಬ್ಬೀ ಕಲಿಯಲೆಂದು ದೋಹಾಕ್ಕೆ ಬಂದ ನಾನು ಮೊದಲ ಮೂರು ತಿಂಗಳಲ್ಲಿ ಕಲಿತದ್ದು ತುಳು. ಹೇಳಿದರೆ ಜನ ನಗುತ್ತಾರೆ. ನನಗೆ ಮಾತ್ರ ನಗು ಬರುತ್ತಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ನಾನು ಶಿಲ್ಪಶ್ರೀ, ವಿಜಯಪುರದವಳು. ನಮ್ಮೂರಿನ ಇಬ್ರಾಹಿಂ ರೋಜಾದ ಗೋಡೆಗಳ ತುಂಬ ಕಲ್ಲಿನಲ್ಲಿ ಕೊರೆದ ಅಕ್ಷರಗಳಿವೆ. ಅವು ಏನು ಹೇಳುತ್ತವೆ ಎಂದು ಚಿಕ್ಕವಳಿದ್ದಾಗ ಯಾರನ್ನು ಕೇಳಿದರೂ ‘ದೇವರ ಹೆಸರು’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ನನಗದು ಸಾಲುತ್ತಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮುಗಿದ ಮೇಲೆ, ದೋಹಾದ ಒಂದು ವಿಶ್ವವಿದ್ಯಾಲಯದಲ್ಲಿ ಹೊರದೇಶದವರಿಗೆ ಒಂದು ಶೈಕ್ಷಣಿಕ ವರ್ಷದ ಅರಬ್ಬೀ ಕೋರ್ಸು ಇದೆ, ಫೀಸಿಲ್ಲ ಎಂದು ಗೊತ್ತಾಗಿ ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಹಾಸ್ಟೆಲ್ ತುಂಬಿದ್ದರಿಂದ ನಮ್ಮಲ್ಲಿ ಕೆಲವರು ಯಾವುದಾದರೂ ಮನೆಯಲ್ಲಿ ಇರಬೇಕಿತ್ತು. ಮನೆಯವರು ಅರಬ್ಬೀ ಮಾತಾಡುವವರಾಗಿರಬೇಕು ಎಂಬುದೊಂದೇ ಷರತ್ತು. ಅದು ಸುಳ್ಳೆಂದು ಕಂಡರೆ ಸೀಟು ಹೋಗುತ್ತದೆ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದರು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಅಪ್ಪ ಪಂಚಪ್ಪನವರದು ಬೇರೆ ಷರತ್ತು. ನಮ್ಮ ಮಂದಿಯ ಮನೆಯಲ್ಲಿ ಇರುವುದಾದರೆ ಹೋಗು, ಇಲ್ಲವಾದರೆ ಆ ಮಾತೇ ಬೇಡ ಎಂದರು. ಅವರ ಗೆಳೆಯರ ಮಗ ಪ್ರಭುಲಿಂಗ ಇಲ್ಲಿನ ಗ್ಯಾಸ್ ಪ್ಲಾಂಟಿನಲ್ಲಿದ್ದಾನೆ. ಅವನು ಕನ್ನಡ ಸಂಘದಲ್ಲಿ ವಿಚಾರಿಸಿ, ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಫ್ಲಾಟಿನಲ್ಲಿದ್ದ ಯಜ್ಞೇಶ್ ಅಂಕಲ್‌ರನ್ನು ಹುಡುಕಿಕೊಟ್ಟ. ಕಾರ್ಕಳದ ಕಡೆಯವರು, ಕಾರ್ಗೋ ಕಂಪನಿಯಲ್ಲಿ ಮ್ಯಾನೇಜರು. ವಿಶ್ವವಿದ್ಯಾಲಯದ ಫಾರ್ಮಿನಲ್ಲಿ ‘ಮನೆಯವರಿಗೆ ಅರಬ್ಬೀ ಬರುತ್ತದೆಯೇ’ ಎಂಬಲ್ಲಿ ಅಂಕಲ್ ‘ಹೌದು, ಚೆನ್ನಾಗಿ’ ಎಂದು ಗುರುತು ಹಾಕಿ ಸಹಿ ಮಾಡಿದರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸಲೇ ಇಲ್ಲ. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದ ಎಲ್ಲರೂ ಬಯೋಡಾಟಾದಲ್ಲಿ ಹಾಗೆಯೇ ಬರೆಯುತ್ತಾರಂತೆ. ಅವರ ಅರಬ್ಬೀ ಒಟ್ಟು ಹನ್ನೆರಡು ಶಬ್ದ, ಒಂದು ಸಂಜೆ ಕೂತು ಎಣಿಸಿದ್ದೇನೆ.

ಅಂಕಲ್‌ರ ಹೆಂಡತಿ ಸ್ವರ್ಣಲತಾ ಆಂಟಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇನ್ನೂ ಕಷ್ಟ. ನಾನು ಮೀನು ಮಾಂಸ ತಿನ್ನುವುದಿಲ್ಲವೆಂದು ನನಗಾಗಿ ಹೊಸ ಪಾತ್ರೆ ತಂದಿಟ್ಟರು. ಮೊಬೈಲಿನಲ್ಲಿ ವಿಡಿಯೋ ನೋಡಿ ಜೋಳದ ರೊಟ್ಟಿ ಬಡಿಯಲು ಕಲಿತರು, ಮೊದಲ ವಾರದ ರೊಟ್ಟಿಗಳನ್ನು ಹರಿಯಲು ಎರಡೂ ಕೈ ಬೇಕಾಗಿತ್ತು ಎಂಬುದು ಬೇರೆ ಮಾತು. ಆದರೆ ನಾನು ಹೊಸ್ತಿಲು ದಾಟಿದರೆ ಸಾಕು, ಹಿಂದೆಯೇ ಫೋನು. ಅದೇ ಮಹಡಿಯಲ್ಲಿದ್ದ, ಅರಬ್ಬೀ ಮಾತಾಡುವ ಸೂಡಾನಿನ ಹೆಂಗಸು ನನ್ನನ್ನು ಚಹಾಕ್ಕೆ ಕರೆದಾಗ ನನ್ನ ಪರವಾಗಿ ಆಂಟಿಯೇ ಬೇಡವೆಂದು ತಲೆಯಾಡಿಸಿ ಬಾಗಿಲು ಹಾಕಿದರು. ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೇನೆ ಎನ್ನುವುದು ಅವರ ಉತ್ತರ. ಮನೆಯೊಳಗೆ ಗಂಡ ಹೆಂಡತಿ ತುಳು, ಹದಿಮೂರು ವರ್ಷದ ಮಗಳು ತೃಷಾ ಇಂಗ್ಲಿಷು, ನನ್ನೊಡನೆ ಮಾತ್ರ ಕನ್ನಡ.

ಹೊರಗೆ ಹೋದರೂ ಅಷ್ಟೇ ಕಥೆ. ಕೆಳಗಿನ ಅಂಗಡಿಯಲ್ಲಿ ಮಲಯಾಳಂ, ಟ್ಯಾಕ್ಸಿಯಲ್ಲಿ ಹಿಂದಿ, ಕ್ಲಿನಿಕ್ಕಿನಲ್ಲಿ ಇಂಗ್ಲಿಷ್. ಸೌತೆಕಾಯಿಗೆ ಎಷ್ಟೆಂದು ನಾನು ಕಷ್ಟಪಟ್ಟು ಅರಬ್ಬಿಯಲ್ಲಿ ಕೇಳಿದರೆ ಅಂಗಡಿಯವನು ಕನಿಕರದಿಂದ ನೋಡಿ, ಹಿಂದಿಯಲ್ಲಿ ನನ್ನ ಊರು ಯಾವುದೆಂದು ವಿಚಾರಿಸಿದ. ನನ್ನ ಕ್ಲಾಸಿನ ಕೊರಿಯಾದ ಹುಡುಗಿಯೊಬ್ಬಳು ಅಲ್ ಸದ್ದ್ ಬಡಾವಣೆಯಲ್ಲಿ ಸಿರಿಯಾದವರ ಮನೆಯಲ್ಲಿದ್ದಳು. ಆ ಮನೆಯ ಅಜ್ಜಿಯೊಂದಿಗೆ ಧಾರಾವಾಹಿಯ ವಿಷಯಕ್ಕೆ ಜಗಳವಾಡುವಷ್ಟು ಅವಳ ನಾಲಗೆ ಹರಿಯುತ್ತಿತ್ತು. ನಾನಿನ್ನೂ ‘ಇದು ಮೇಜು, ಅದು ಕುರ್ಚಿ’ಯಲ್ಲೇ ಇದ್ದೆ. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಡಿಸೆಂಬರ್ ಮೊದಲ ವಾರ ನೋಟೀಸು ಬಂತು. ಪ್ರತಿ ವಿದ್ಯಾರ್ಥಿಯ ಮನೆಯವರೊಬ್ಬರು ಬಂದು ಟೀಚರ ಎದುರು ವಿದ್ಯಾರ್ಥಿಯೊಡನೆ ಹತ್ತು ನಿಮಿಷ ಅರಬ್ಬಿಯಲ್ಲಿ ಮಾತಾಡಬೇಕು. ಟೀಚರನ್ನು ನಾವು ಉಸ್ತಾದಾ ಎನ್ನುತ್ತಿದ್ದೆವು. ನಾನು ನೋಟೀಸನ್ನು ಊಟದ ಮೇಜಿನ ಮೇಲಿಟ್ಟೆ. ಎಂತ ಟೆನ್ಷನ್ ಮಾಡುದು, ಹತ್ತು ನಿಮಿಷ ಅಲ್ವಾ ಎಂದರು ಅಂಕಲ್. ಮರುದಿನದಿಂದ ಆಫೀಸಿನಿಂದ ಬಂದವರೇ ನನ್ನನ್ನು ಕೂರಿಸಿಕೊಂಡು ಹತ್ತು ವಾಕ್ಯ ಬಾಯಿಪಾಠ ಮಾಡತೊಡಗಿದರು. ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹಾರಿಹೋಗಿರುತ್ತಿತ್ತು. ನಾಲ್ಕನೇ ಸಂಜೆ ನನಗೆ ತಲೆ ಚಿಟ್ಟು ಹಿಡಿದು ಎದ್ದು ಅಡುಗೆಮನೆಗೆ ಹೋದೆ.

ಆಂಟಿ ಬಂಗುಡೆ ತೊಳೆಯುತ್ತಿದ್ದರು. ನಾನು ಅತ್ತ ನೋಡದೆ ಗೋಡೆಗೆ ಒರಗಿ, ನೀರು ಬೇಕು ಎನ್ನುವ ವಾಕ್ಯವನ್ನು ಪುಸ್ತಕದಲ್ಲಿದ್ದಂತೆ ನನ್ನಷ್ಟಕ್ಕೆ ಹೇಳಿಕೊಂಡೆ. “ಉರೀದು ಮಾಅನ್.”

ಆಂಟಿ ತಿರುಗಲಿಲ್ಲ. “ಹಾಗೆ ಕೇಳಿದ್ರೆ ಯಾರೂ ನೀರು ಕೊಡ್ಲಿಕ್ಕಿಲ್ಲ,” ಎಂದರು. “ಅಬೀ ಮಾಯ್. ಅಷ್ಟೇ.”

ಅದು ಅಂಕಲ್‌ರ ಹನ್ನೆರಡು ಶಬ್ದಗಳಲ್ಲಿ ಇರಲಿಲ್ಲ. ಹೇಳಿದ ಧಾಟಿಯಲ್ಲಿ ಎಲ್ಲೂ ತಡವರಿಕೆಯಿರಲಿಲ್ಲ, ಅಂಗಳದಲ್ಲಿ ಆಡಿ ಬೆಳೆದವರ ಹಾಗೆ ಬಂತು. ನಾನು ಬೇಕೆಂದೇ ಅರಬ್ಬಿಯಲ್ಲಿ ಇನ್ನೆರಡು ಪ್ರಶ್ನೆ ಕೇಳಿದೆ. ಅವರು ಕನ್ನಡದಲ್ಲೇ ಉತ್ತರ ಕೊಟ್ಟರು, ಆದರೆ ಕೊಟ್ಟದ್ದು ಸರಿಯಾದ ಉತ್ತರ. ಮೂರು ತಿಂಗಳು ನಾನು ಊರೆಲ್ಲ ಅಲೆದು ಹುಡುಕಿದ್ದು ನನ್ನ ರೊಟ್ಟಿ ಬಡಿಯುತ್ತಾ ಇದೇ ಅಡುಗೆಮನೆಯಲ್ಲಿ ನಿಂತಿತ್ತು. ನನಗೆ ಖುಷಿಯಾಗಬೇಕಿತ್ತು, ಬದಲಿಗೆ ಮೋಸಹೋದಂತೆ ಸಿಟ್ಟು ಬಂತು.

ಮುಚ್ಚಿಡಲು ಇನ್ನು ಆಗದೆಂದು ಕಂಡಿರಬೇಕು, ಆಂಟಿ ಕೈ ಒರೆಸಿಕೊಂಡು ಅಡುಗೆಮನೆಯ ಬಾಗಿಲು ಎಳೆದು ತಗ್ಗಿದ ದನಿಯಲ್ಲಿ ಹೇಳಿದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಏಜೆನ್ಸಿಯವರ ಮೂಲಕ ಹೋಂ ನರ್ಸ್ ಎಂದು ಬಂದವರು ಅವರು. ನರ್ಸಿಂಗ್ ಓದಿದವರಲ್ಲ. ದೋಹಾದ ಹೊರಗಿನ ಉಮ್ಮ್ ಸಲಾಲಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ಆರು ವರ್ಷ ನೋಡಿಕೊಂಡರು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮತ್ತೆ ಬರಬರುತ್ತಾ ಪಾತ್ರೆ, ಬಟ್ಟೆ, ನೆಲ. ಯಾರೂ ಹೊಡೆಯಲಿಲ್ಲ, ಸಂಬಳ ನಿಲ್ಲಿಸಲಿಲ್ಲ, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು. ಆಮೇಲೆ ಊರಿಗೆ ಹೋಗಿ, ಮದುವೆಯಾಗಿ, ಅಂಕಲ್‌ರೊಂದಿಗೆ ಮತ್ತೆ ಇಲ್ಲಿಗೇ ಬಂದರು. ಅಂಕಲ್ ತಮ್ಮ ಕಡೆಯವರಿಗೆಲ್ಲ ಹೆಂಡತಿ ಮೊದಲು ದೋಹಾದಲ್ಲಿ ಆಸ್ಪತ್ರೆಯ ನರ್ಸ್ ಆಗಿದ್ದಳು ಎಂದು ಹೇಳಿದ್ದರು. ಸಂಘದವರು ನಂಬಿದ್ದು ಅದನ್ನೇ. ತೃಷಾ ಶಾಲೆಯಲ್ಲಿ ಅಮ್ಮನ ಆಸ್ಪತ್ರೆಯ ಬಗ್ಗೆ ಭಾಷಣ ಮಾಡಿ ಬಹುಮಾನದ ಕಪ್ ತಂದಿದ್ದಳು, ಅದು ಹಾಲ್‌ನ ಶೋಕೇಸಿನಲ್ಲಿತ್ತು.

“ಆಂಟಿ, ಅದರಾಗ ನಾಚಿಕಿ ಪಡೂದು ಏನೈತ್ರಿ,” ಎಂದೆ ನಾನು. ಇಂಥ ಮಾತನ್ನು ಎದುರಿಗಿರುವವರಿಗೆ ಹೇಳುವುದು ಎಷ್ಟು ಸುಲಭವೋ. “ನೀವ ಬರ್ರಿ. ಹತ್ತ ನಿಮಿಷ ನನ್ನ ಜೋಡಿ ಮಾತಾಡ್ರಿ.”

“ನನಗೆ ಆ ಭಾಷೆ ಬೇಡ, ಶಿಲ್ಪಾ. ಆರು ವರ್ಷದಲ್ಲಿ ಆ ಭಾಷೆಯಲ್ಲಿ ನನಗೆ ಯಾರೂ ಊಟ ಆಯ್ತಾ ಅಂತ ಕೇಳ್ಲಿಲ್ಲ.”

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಮೂರು ತಿಂಗಳ ಸಿಟ್ಟು ನನ್ನ ಗಂಟಲಲ್ಲಿತ್ತು. ಸೀಟು ಹೋದರೆ ನನ್ನನ್ನು ವಿಜಯಪುರಕ್ಕೆ ಕರೆಸಿ ಬೇಸಿಗೆಯೊಳಗೆ ಮದುವೆ ಮಾಡುತ್ತಾರೆ, ಆ ಗೋಡೆಯನ್ನು ನಾನು ಇನ್ನೆಂದೂ ಓದಲಾರೆ ಎಂದು ನನಗೆ ಗೊತ್ತಿತ್ತು. ನಾನು ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದೆ.

“ಇದು ತೃಷಾಗ ಗೊತ್ತೈತೇನ್ರಿ?”

ಬರೇ ಪ್ರಶ್ನೆ ಎಂದು ನಾನು ನನಗೇ ಎಷ್ಟು ಸಲ ಹೇಳಿಕೊಂಡರೂ ಅದು ಪ್ರಶ್ನೆಯಾಗಿರಲಿಲ್ಲ. ಆಂಟಿ ನನ್ನ ಮುಖ ನೋಡಿದರು. ಆಮೇಲೆ ತಿರುಗಿ ನಿಂತು ಮೀನಿಗೆ ಉಪ್ಪು ಹಚ್ಚತೊಡಗಿದರು.

ಟೀಚರ ಎದುರು ಮಾತಾಡಬೇಕಿದ್ದ ದಿನ ಬೆಳಿಗ್ಗೆ ಅಂಕಲ್ ಸಹಜವಾಗಿಯೇ ಕೈಕೊಟ್ಟರು. ಬಂದರಿನಲ್ಲಿ ಕಂಟೇನರ್ ಸಿಕ್ಕಿಹಾಕಿಕೊಂಡಿದೆ, ತಾನೇ ಹೋಗಬೇಕು ಎಂದರು. ಅವರ ಮಾತು ಮುಗಿಯುವ ಮೊದಲೇ ಆಂಟಿ ಕೋಣೆಯಿಂದ ಹೊರಗೆ ಬಂದರು, ಸೀರೆ ಉಟ್ಟು ತಯಾರಾಗಿದ್ದರು. ನಾನು ಹೋಗ್ತೇನೆ ಎಂದರು, ಅಷ್ಟೇ. ಟ್ಯಾಕ್ಸಿಯಲ್ಲಿ ಕ್ಷಮೆ ಕೇಳಬೇಕೆಂದು ನಾನು ಎರಡು ಸಲ ಬಾಯಿ ತೆರೆದೆ, ಕೇಳಿದರೆ ಎಲ್ಲಿ ಮನಸ್ಸು ಬದಲಿಸಿ ಇಳಿದುಬಿಡುತ್ತಾರೋ ಎಂದು ಹೆದರಿ ಮುಚ್ಚಿದೆ. ಅಷ್ಟು ಸಣ್ಣವಳಾಗಿದ್ದೆ ನಾನು.

ಉಸ್ತಾದಾ ನಗುನಗುತ್ತಾ ನಮ್ಮಿಬ್ಬರನ್ನು ಎದುರುಬದುರು ಕುರ್ಚಿಯಲ್ಲಿ ಕೂರಿಸಿದರು. ಪರೀಕ್ಷೆಯೆಂದು ತಿಳಿಯಬೇಡಿ, ಮನೆಯಲ್ಲಿ ಬೆಳಿಗ್ಗೆ ಹೇಗೆ ಮಾತಾಡುತ್ತೀರೋ ಹಾಗೆ ಮಾತಾಡಿ ಎಂದರು. ಆಂಟಿ ಕುರ್ಚಿಯ ತುದಿಯಲ್ಲಿ, ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದರು. ಆಮೇಲೆ ಬ್ಯಾಗನ್ನು ಕೆಳಗಿಟ್ಟರು, ಬೆನ್ನನ್ನು ಹಿಂದಕ್ಕೆ ಒರಗಿಸಿದರು, ಗಲ್ಲ ಎತ್ತಿ ನನ್ನತ್ತ ನೋಡಿದರು. ಬಾಯಿ ತೆರೆದಾಗ ಬಂದ ದನಿ ಅವರದ್ದಾಗಿರಲಿಲ್ಲ.

ಲೇಶ್, ಎಂದು ಶುರುಮಾಡಿದರು. ಯಾಕೆ ಎಂದು ಅರ್ಥ. ಯಾಕೆ ತಡವಾಯಿತು. ಕರೆದರೆ ಕೇಳಿಸುವುದಿಲ್ಲವೇ. ಲೋಟ ಯಾಕೆ ಇನ್ನೂ ಇಲ್ಲೇ ಇದೆ. ಕಿಟಕಿ ತೆರೆಯಲು ಯಾರು ಹೇಳಿದರು. ಯಾರೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ನಾನು ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಮುಂದಿನ ಎರಡು ಪ್ರಶ್ನೆಗಳು ಬಂದಿರುತ್ತಿದ್ದವು. ನನ್ನ ಮೇಜು ಕುರ್ಚಿಗಳು, ಹವಾಮಾನದ ವರ್ಣನೆ, ಬಾಯಿಪಾಠ ಮಾಡಿದ ಹತ್ತು ವಾಕ್ಯ, ಒಂದೂ ನೆರವಿಗೆ ಬರಲಿಲ್ಲ. ಅವರು ಒಂದು ಕೈಯಲ್ಲಿ ಬಾ ಎಂದು ಸನ್ನೆ ಮಾಡಿದಾಗ ನಾನು ನಿಜಕ್ಕೂ ಎದ್ದು ನಿಂತೆ. ಏನು ಹೇಳಬೇಕೆಂದು ತೋಚದೆ ಸಾರಿ ಎಂದೆ. ಅವರು ಹಾಗಲ್ಲವೆಂದು ತಲೆಯಾಡಿಸಿದರು. ಆಮೇಲೆ ಹೇಳಬೇಕಾದುದನ್ನು, ಮಗುವಿಗೆ ತುತ್ತು ಕೊಡುವಂತೆ, ನಿಧಾನವಾಗಿ ಹೇಳಿಕೊಟ್ಟರು.

“ಹಾದಿರ್, ಮಾಮಾ.”

ಆಗಲಿ ಅಮ್ಮಾ, ಈಗಲೇ ಎಂದು ಅರ್ಥ. ಕೆಲಸದವರು ಮನೆಯೊಡತಿಗೆ ಹೇಳುವ ಮಾತು. ನಾನು ಅದನ್ನು ಹೇಳಿದೆ. ಮತ್ತೆ ಕೇಳಿದರು, ಮತ್ತೆ ಹೇಳಿದೆ. ಹತ್ತು ನಿಮಿಷದಲ್ಲಿ ಎಷ್ಟು ಸಲ ಹೇಳಿದೆನೋ, ಕೊನೆಗೆ ನನ್ನ ಕಣ್ಣು ತುಂಬಿ ಬಂತು. ಆಂಟಿ ಒಮ್ಮೆಯೂ ಕಣ್ಣು ತಪ್ಪಿಸಲಿಲ್ಲ.

ಉಸ್ತಾದಾ ಚಪ್ಪಾಳೆ ತಟ್ಟಿದರು. ಎಂಥ ನಟನೆ, ಎಂಥ ಅಪ್ಪಟ ಖಲೀಜಿ, ಈ ಗಲ್ಫ್ ಸೀಮೆಯ ಆಡುಮಾತು, ಯಾವ ಪುಸ್ತಕವೂ ಇದನ್ನು ಕಲಿಸದು ಎಂದು ಹೊಗಳಿದರು. ಎಲ್ಲಿ ಕಲಿತಿರಿ ಎಂದು ಕೇಳಿದರು. ಆಂಟಿ ಮತ್ತೆ ಕುರ್ಚಿಯ ತುದಿಗೆ ಬಂದಿದ್ದರು. ಒಂದು ಮನೆಯಲ್ಲಿ ಕೆಲಸಕ್ಕಿದ್ದೆ ಎಂದು ಮೆಲ್ಲಗೆ ಅರಬ್ಬಿಯಲ್ಲೇ ಹೇಳಿದರು. ಉಸ್ತಾದಾರ ನಗು ಸ್ವಲ್ಪ ಕುಂದಿತು. ಅವರು ಕಾಗದದ ಮೇಲೆ ಏನೋ ಬರೆದು ಮೊಹರು ಒತ್ತಿ, ಮನೆ ಬದಲಾಯಿಸುವ ಅಗತ್ಯವಿಲ್ಲ, ಕೋರ್ಸು ಮುಗಿಯುವ ತನಕ ನೀನು ಇದೇ ಮನೆಯಲ್ಲಿರಬೇಕು, ದಿನವೂ ಇವರೊಡನೆ ಮಾತಾಡು ಎಂದು ನನಗೆ ಹೇಳಿದರು. ಸೀಟು ಉಳಿಯಿತು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನಾನು, ತಪ್ಪಾತ್ರಿ ಆಂಟಿ, ಎಂದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಸಂಜೆಗೆ ಪಡವಲಕಾಯಿ ಪಲ್ಯ ಮಾಡಲೇ, ತಿನ್ನುತ್ತೀಯಾ ಎಂದು ಕೇಳಿದರು.

ಸಂಜೆ ಅಂಕಲ್ ಮಿಠಾಯಿ ಪೆಟ್ಟಿಗೆ ಹಿಡಿದುಕೊಂಡೇ ಬಂದರು. ಸುದ್ದಿ ಕೇಳಿ ಎದೆಯುಬ್ಬಿಸಿ, ತಾನು ನಾಲ್ಕು ದಿನ ತಯಾರಿ ಮಾಡಿಸಿದ್ದು ದಂಡವಾಗಲಿಲ್ಲ ಎಂದು ಸಂಘದ ಇಬ್ಬರಿಗೆ ಫೋನು ಮಾಡಿ ಹೇಳಿದರು. ಆಂಟಿ ಮೇಜಿಗೆ ತಟ್ಟೆ ಇಡುತ್ತಿದ್ದರು. ತೃಷಾ ಹೋಂವರ್ಕ್ ಬಿಟ್ಟು ಓಡಿ ಬಂದಳು. ಅಮ್ಮ ಟೀಚರ ಮುಂದೆ ಹತ್ತು ನಿಮಿಷ ಅರಬ್ಬಿ ಮಾತಾಡಿದರು ಎಂಬುದನ್ನು ಅವಳಿಗೆ ನಂಬಲಾಗುತ್ತಿರಲಿಲ್ಲ. ಅಮ್ಮನನ್ನು ಕೇಳಿದರೆ ತಟ್ಟೆ ಇಡುವುದರಲ್ಲೇ ಇದ್ದರು, ಅವಳು ನನ್ನತ್ತ ತಿರುಗಿದಳು.

“ಅಕ್ಕಾ, ರಿಯಲೀ? ಅಮ್ಮನಿಗೆ ಅರಬಿಕ್ ಬರ್ತದಾ?”

ಆಂಟಿಯ ಕೈ ತಟ್ಟೆಯ ಮೇಲೆಯೇ ನಿಂತಿತು. ಅಂಕಲ್ ಫೋನನ್ನು ಕಿವಿಯಿಂದ ಕೆಳಗಿಳಿಸಿದರು. ಆ ಮನೆಯಲ್ಲಿ ಇನ್ನು ಆರು ತಿಂಗಳು ಇರಬೇಕಾದವಳು ನಾನು. ಹೌದು ಎಂದಿದ್ದರೆ, ದಿನಕ್ಕೆ ಅರ್ಧ ಗಂಟೆ ಅರಬ್ಬಿ ಮಾತಾಡಿ ಎಂದು ಆಂಟಿಯೆದುರು ಹಟ ಹಿಡಿದು ಕೂರಲು ತೃಷಾಳೇ ನನ್ನ ಜೊತೆಗಿರುತ್ತಿದ್ದಳು. ಹಾಗೆ ಕಲಿತರೆ ಬೇಸಿಗೆಯೊಳಗೆ ನನಗೆ ಅರಬ್ಬಿ ಬಂದೇ ಬರುತ್ತಿತ್ತು. ಅಮ್ಮ ಅದನ್ನು ಎಲ್ಲಿ ಕಲಿತದ್ದು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತಿತ್ತು.

“ಇಲ್ಲವ್ವ,” ಎಂದೆ. “ನಿಮ್ಮಪ್ಪ ಕಲಿಸಿದ್ದ ನಾಕ ಮಾತ ಹೇಳಿದ್ರು. ಮಾತಾಡಿದ್ದೆಲ್ಲಾ ನಾನs.”

ತೃಷಾ ನಿರಾಸೆಯಿಂದ ಪುಸ್ತಕದ ಹತ್ತಿರ ಹೋದಳು. ಆಂಟಿ ನನ್ನ ತಟ್ಟೆಗೆ ಪಲ್ಯ ಬಡಿಸಿ, ಇನ್ನೊಂದು ರೊಟ್ಟಿ ಹಾಕಿದರು. ಅಂದಿನಿಂದ ಆ ಮನೆಯಲ್ಲಿ ನಾನು ಅರಬ್ಬಿಯ ಒಂದು ಶಬ್ದವನ್ನೂ ಕೇಳಲಿಲ್ಲ, ಮಾತಾಡಿ ಎಂದು ಆಂಟಿಯ ಮುಂದೆ ಬಾಯಿ ಬಿಡಲೂ ಇಲ್ಲ.