ಐದನೇ ಓಟದ ಮೊಳೆ

ಮರದ ಮಿಲ್ಲಿನಿಂದ ನಿವೃತ್ತನಾದ ಮೇಲೆ ಸಿಕ್ಸ್‌ಟೆನ್‌ಗೆ ಉಳಿದದ್ದು ಎರಡೇ ಕೆಲಸ. ವಾರವಿಡೀ ಗಾಡಿ ಓಟದ ಕುದುರೆಗಳ ಲೆಕ್ಕ ಹಾಕುವುದು, ಶನಿವಾರ ಸಂಜೆ ಆ ಲೆಕ್ಕ ಯಾಕೆ ತಪ್ಪಿತು ಎಂದು ವಿವರಿಸುವುದು. ಎರಡನೆಯದರಲ್ಲಿ ಅವನ ಸರಿಸಾಟಿ ಇಡೀ ಸ್ವೀಡನ್ನಿನಲ್ಲಿ ಇರಲಿಲ್ಲ.

ಆದರೂ ಮಿಲ್ಲಿನ ಹಳೆಯ ಗೆಳೆಯರ ಬಾಜಿ ಕೂಟ ಅವನನ್ನೇ ನೆಚ್ಚಿಕೊಂಡಿತ್ತು. ಶನಿವಾರದ ಏಳು ಓಟಗಳಲ್ಲೂ ಗೆಲ್ಲುವ ಕುದುರೆಯನ್ನು ಮೊದಲೇ ಹೇಳಬೇಕು. ಪ್ರತಿ ಓಟಕ್ಕೂ ನಾಲ್ಕೈದು ಕುದುರೆ ಬರೆಯುತ್ತ ಹೋದರೆ ಜೇಬಿಗೆ ತೂತು ಬೀಳುತ್ತದೆ. ಹಾಗಾಗಿ ಒಂದೆರಡು ಓಟಗಳಲ್ಲಾದರೂ ಒಂದೇ ಕುದುರೆಯನ್ನು ನಂಬಿ ಕೂರಬೇಕು. ಅದಕ್ಕೆ ನಾವು ಮೊಳೆ ಹೊಡೆಯುವುದು ಎನ್ನುತ್ತೇವೆ. ಮೊಳೆ ಕಿತ್ತುಬಂದರೆ ಚೀಟಿ ಕಸದಬುಟ್ಟಿಗೆ.

ಮೊಳೆಯ ವಿಷಯದಲ್ಲಿ ಸಿಕ್ಸ್‌ಟೆನ್‌ಗೆ ದಯೆದಾಕ್ಷಿಣ್ಯ ಇರಲಿಲ್ಲ. ಅವನ ಒಬ್ಬಳೇ ಮಗಳು ಟೋವೆ, ಹಲ್ಲಿನ ಡಾಕ್ಟರ ಬಳಿಯಿದ್ದ ನೌಕರಿಗೆ ಕೈಮುಗಿದು, ಕುದುರೆ ಪಳಗಿಸುವ, ಓಡಿಸುವ ಕೆಲಸಕ್ಕೆ ಇಳಿದು ವರ್ಷಗಳೇ ಆಗಿದ್ದವು. ಅಷ್ಟರಲ್ಲಿ ಅವನು ಒಂದು ಸಲವೂ ಅವಳಿಗೆ ಮೊಳೆ ಹೊಡೆದವನಲ್ಲ. ಪಾದ್ರಿಯ ಭಾವಮೈದುನನ ಕುಂಟು ಕುದುರೆಗೆ ಹೊಡೆದಿದ್ದ, ಮಗಳಿಗಿಲ್ಲ. ಇದು ಅವಳಿಗೆ ನೋಯುತ್ತಿತ್ತು. ನೋವನ್ನು ಬಚ್ಚಿಡುವ ಜಾಯಮಾನವೂ ಅವಳದಲ್ಲ.

ಗುರುವಾರ ಬಟಾಣಿ ಸೂಪು ಕುಡಿಯಲು ಬಂದವಳು ಅದನ್ನೇ ಎತ್ತಿದಳು.

"ಪಪ್ಪಾ, ಈ ಶನಿವಾರ ದೊಡ್ಡ ಓಟ ನಮ್ಮೂರು ಬೊಲ್ನೇಸಿಗೇ ಬರ್ತಿದೆ. ಐದನೇ ಓಟದಲ್ಲಿ ನಮ್ಮ ಹೆಣ್ಣು ಕುದುರೆ ಟುಸ್ಸಾನ ಓಡಿಸ್ತೀನಿ."

"ಗೊತ್ತು."

"ನಾಲ್ಕೂ ಲಾಳ ತೆಗೆದುಬಿಡ್ತೀನಿ. ಬರಿಗಾಲಲ್ಲಿ ಅವಳು ಹಾರಿಕೊಂಡು ಹೋಗ್ತಾಳೆ."

ಹಾರಿಬಿಡುತ್ತಾಳೆ ಅನ್ನುವುದೇ ಸಿಕ್ಸ್‌ಟೆನ್ನನ ಭಯ. ಲಾಳ ತೆಗೆದರೆ ಕಾಲು ಹಗುರಾಗಿ ವೇಗ ಹೆಚ್ಚುತ್ತದೆ, ನಿಜ. ಆದರೆ ಗಾಡಿ ಓಟದಲ್ಲಿ ಕುದುರೆ ಹೆಜ್ಜೆ ಮುರಿಯದೆ ಟಕಟಕ ಓಡಬೇಕು. ನೆಗೆದು ನಾಗಾಲೋಟಕ್ಕೆ ಬಿದ್ದರೆ ಕತೆ ಮುಗಿಯಿತು. ಬಿಸಿಲಿಗೆ ಒಣಗಿ ಕಲ್ಲಾದ ನೆಲ, ಮೊದಲ ಸಲ ಬರಿಗಾಲು, ಟುಸ್ಸಾಳ ತಲೆಯೋ ಮೊದಲೇ ಬಿಸಿ. ಇದಕ್ಕೆ ಲೆಕ್ಕ ಯಾಕೆ ಬೇಕು?

"ಈ ಸಲನಾದ್ರೂ ನನಗೆ ಮೊಳೆ ಹೊಡೀತೀಯಾ?"

ಸಿಕ್ಸ್‌ಟೆನ್ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಹೊಡೆದಾಯ್ತಲ್ಲ" ಎಂದ.

ಹಸಿ ಸುಳ್ಳು. ಟೋವೆ ಎದ್ದು ಬಂದು ಅವನ ಬೋಳುತಲೆಗೆ ಮುತ್ತಿಟ್ಟಳು. ಅವಳು ಹೋದ ಮೇಲೆ ಸುಳ್ಳನ್ನು ನಿಜ ಮಾಡಿಬಿಡೋಣ ಎಂದು ಪೆನ್ನು ಹಿಡಿದು ಕೂತದ್ದೂ ಹೌದು. ಆದರೆ ಪೆನ್ನು ಕೈಗೆ ಬಂದೊಡನೆ ಅವನು ಅಪ್ಪನಾಗಿ ಉಳಿಯುತ್ತಿರಲಿಲ್ಲ. ಐದನೇ ಓಟದ ಮೊಳೆ ಮೂರನೇ ನಂಬರಿನ ಕುದುರೆಗೆ ಬಿತ್ತು.

ಶನಿವಾರ ಬೇಲಿಗೆ ಒರಗಿ, ಕೈಯಲ್ಲಿ ಸಾಸಿವೆ ಬಳಿದ ಸಾಸೇಜು ಹಿಡಿದು ನಿಂತ ಸಿಕ್ಸ್‌ಟೆನ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮೊದಲ ನಾಲ್ಕೂ ಓಟಗಳು ಅವನ ಚೀಟಿಯಂತೆಯೇ ಆದವು.

"ಲೋ, ನಾಲ್ಕಕ್ಕೆ ನಾಲ್ಕೂ ಬಂತಲ್ಲೋ! ನಿನ್ನ ಲೆಕ್ಕಕ್ಕೆ ಹುಷಾರಿಲ್ವೇನೋ?" ಎಂದ ಅಲ್ಗೊಟ್, ತುಟಿಯಡಿ ಹೊಗೆಸೊಪ್ಪಿನ ಪುಟ್ಟ ಪೊಟ್ಟಣ ತುರುಕುತ್ತ. ಮಿಲ್ಲಿನಲ್ಲಿ ಜೊತೆಗೆ ಗರಗಸ ಹಿಡಿದಿದ್ದವನು, ಈಗ ಕೂಟದ ಬಾಯಿ.

ಐದನೇ ಓಟ ಶುರುವಾಯಿತು. ಮೊದಲ ತಿರುವಿನಲ್ಲೇ ಟೋವೆ ಮುಂದೆ ನುಗ್ಗಿದಳು. ಬರಿಗಾಲ ಟುಸ್ಸಾ ಅಷ್ಟು ಚೆಂದಕ್ಕೆ ಹಿಂದೆಂದೂ ಓಡಿರಲಿಲ್ಲ. ಮೂರನೇ ನಂಬರು ಅವಳ ಪಕ್ಕದಲ್ಲಿ ಗಾಳಿಗೆ ಎದೆಯೊಡ್ಡಿ ಏದುಸಿರು ಬಿಡುತ್ತಿತ್ತು.

"ನಿನ್ನ ಮಗಳೇ ನಮ್ಮ ಬಾಯಿಗೆ ಮಣ್ಣು ಹಾಕ್ತಾಳಲ್ಲೋ!" ಅಲ್ಗೊಟ್ ಕೂಗಿದ.

ಕೊನೆಯ ನೇರ ದಾರಿಗೆ ಬಂದಾಗಲೂ ಅವಳೇ ಮುಂದೆ. ಮಗಳು ಗೆಲ್ಲಲಿ ಎಂದು ಸಿಕ್ಸ್‌ಟೆನ್ ಒಂದು ಉಸಿರು ಎಳೆದ, ಸೋಲಲಿ ಎಂದು ಇನ್ನೊಂದು. ಎರಡನೆಯದೇ ಸ್ವಲ್ಪ ಉದ್ದವಾಗಿತ್ತು.

ಅಷ್ಟರಲ್ಲಿ ಟುಸ್ಸಾ ಹೆಜ್ಜೆ ಮುರಿದಳು.

"ನಾಗಾಲೋಟ! ಬಿದ್ಲು, ಬಿದ್ಲು!" ಎಂದು ಮೈದಾನವೇ ಬೆಚ್ಚುವಂತೆ ಕಿರುಚಿ ಕುಣಿದವನು ಯಾರು ಎಂದು ಸಿಕ್ಸ್‌ಟೆನ್‌ಗೆ ಒಂದು ಕ್ಷಣ ಹೊಳೆಯಲಿಲ್ಲ. ಅವನೇ. ಎರಡೂ ಕೈ ಆಕಾಶದಲ್ಲಿದ್ದವು. ಸಾಸೇಜು ಮುಂದಿದ್ದ ಹೆಂಗಸಿನ ಟೋಪಿಯ ಮೇಲಿತ್ತು.

ಹೆಜ್ಜೆ ಮುರಿದ ಕುದುರೆಯನ್ನು ಬೇರೆಯವರ ದಾರಿಗೆ ಅಡ್ಡ ಬಾರದಂತೆ ಹೊರಗಿನ ಅಂಚಿಗೆ ತರಬೇಕು. ಟೋವೆ ತಂದಳು. ಅಂಚು ಎಂದರೆ ಅಪ್ಪ ನಿಂತಿದ್ದ ಬೇಲಿಯೇ. ಎರಡು ಚಕ್ರದ ಆ ಸಣ್ಣ ಗಾಡಿ ಅವನ ಮುಂದೆಯೇ ನಿಧಾನವಾಯಿತು. ಮುಖದ ತುಂಬ ಧೂಳು ಮೆತ್ತಿದ ಮಗಳು ಕತ್ತೆತ್ತಿ ನೋಡಿದಳು. ಸಿಕ್ಸ್‌ಟೆನ್ನನ ಕೈಗಳು ಇನ್ನೂ ಮೇಲೇ ಇದ್ದವು, ಇಳಿಸುವುದು ಹೇಗೆಂದು ಮರೆತುಹೋಗಿತ್ತು.

ಮೂರನೇ ನಂಬರು ಗೆದ್ದಿತು. ಅಲ್ಗೊಟ್ ಅವನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಅವನನ್ನು ತಳ್ಳಿ ಸಿಕ್ಸ್‌ಟೆನ್ ಲಾಯದ ಕಡೆ ನಡೆದ.

ಟೋವೆ ಟುಸ್ಸಾಳ ಕಾಲಿಗೆ ತಣ್ಣೀರು ಬಿಡುತ್ತಿದ್ದಳು. ತಿರುಗಿ ನೋಡಲಿಲ್ಲ.

"ಮೊಳೆ ಮೂರನೇ ನಂಬರಿಗಾ?"

"ಹೂಂ."

"ಅಂದ್ರೆ ನನ್ನ ಕುದುರೆ ಚೀಟಿಯಲ್ಲೇ ಇರಲಿಲ್ಲ."

ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಕ್ಷಮೆ ಕೇಳುತ್ತಾನೆ. ಸಿಕ್ಸ್‌ಟೆನ್, "ನೆಲ ಗಟ್ಟಿ ಇತ್ತಲ್ಲಮ್ಮ, ಲಾಳ ತೆಗೀಬಾರ್ದಿತ್ತು" ಎಂದ.

"ನನಗೂ ಗೊತ್ತಾಯ್ತು." ಅವಳು ನಲ್ಲಿ ನಿಲ್ಲಿಸಿದಳು. "ಪೇಪರಿನವರೆಲ್ಲ ನಾನು ಸೋಲ್ತೀನಿ ಅಂತಲೇ ಬರೆದಿದ್ರು ಪಪ್ಪಾ. ಓದಿ ನಕ್ಕೆ. ನಮ್ಮಪ್ಪ ಮೊಳೆ ಹೊಡೆದಿದ್ದಾನೆ, ಇವರಿಗೇನು ಗೊತ್ತು ಅಂದ್ಕೊಂಡೆ."

ಸಿಕ್ಸ್‌ಟೆನ್‌ಗೆ ಅಳು ಬಂತು. ಅಳುವುದಕ್ಕೂ ತನಗೆ ಮುಖವಿಲ್ಲ ಅನ್ನಿಸಿತು.

"ಸುಮ್ನೆ ನಿಂತು ಏನ್ಮಾಡ್ತೀಯ? ಸಲಿಕೆ ತಗೊ, ಲದ್ದಿ ಎತ್ತು."

ಅವನು ಎತ್ತಿದ. ಆರನೇ ಓಟವೂ ಅವನ ಚೀಟಿಯಂತೆಯೇ ಆಯಿತು. ಏಳನೆಯದು ಮುಗಿಯುವಾಗ ಧ್ವನಿವರ್ಧಕ ಅರಚಿದ್ದು ಅವನು ಬರೆದಿದ್ದ ಕುದುರೆಯ ಹೆಸರನ್ನೇ. ಜೀವಮಾನದಲ್ಲಿ ಮೊದಲ ಬಾರಿಗೆ ಏಳೂ ಸರಿ. ಮೈದಾನದ ಆಚೆಯಿಂದ ಅಲ್ಗೊಟ್ಟನ ಕೇಕೆ ಲಾಯದವರೆಗೂ ಕೇಳಿಸಿತು.

ಟೋವೆ ಟುಸ್ಸಾಳ ಬೆನ್ನ ಮೇಲೆ ಕಂಬಳಿ ಹೊದಿಸಿ ಅವನ ಕಡೆ ತಿರುಗಿದಳು.

"ಕೂಗು ಪಪ್ಪಾ. ಈ ಓಟದಲ್ಲಿ ನಾನಿರಲಿಲ್ಲ."

ಸಿಕ್ಸ್‌ಟೆನ್ ಬಾಯಿ ತೆರೆದ. ಮುಚ್ಚಿ, ಮತ್ತೆ ಸಲಿಕೆ ಹಿಡಿದ.