ಹೊಸನಗರದ ಶನಿವಾರ

ಯಾರದಾದರೂ ಮೂಗಿನಲ್ಲಿ ವಿಚಿತ್ರವಾದದ್ದೊಂದು ಬೆಳೆಯಲಿ ಎಂದು ಆಸೆಪಡುವ ಹೆಂಗಸು ಲೋಕದಲ್ಲಿದ್ದರೆ ಅದು ತೀರ್ಥಹಳ್ಳಿಯ ಪೆಥಾಲಜಿಸ್ಟ್ ಸೌಜನ್ಯಾ ಒಬ್ಬಳೇ. ಕೆಟ್ಟವಳೇನಲ್ಲ. ಸಾಗರದ ಇಎನ್‌ಟಿ ಡಾಕ್ಟರ್ ಅಶ್ವಿನ್‌ನ ಮುಖ ನೋಡಲು ಅವಳಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೆ. ಒಟ್ಟಿಗೆ ಓದಿದವರು. ಇಬ್ಬರಿಗೂ ನಲವತ್ತರ ಹತ್ತಿರ, ಇಬ್ಬರಿಗೂ ಮದುವೆಯಿಲ್ಲ. ಅವಳ ಮನಸ್ಸು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಮಂದಿಯ ಮೂಗಿನೊಳಗೆಲ್ಲ ಇಣುಕುವ ಪುಣ್ಯಾತ್ಮನಿಗೆ ಎದುರಿಗಿದ್ದ ಮುಖ ಕಾಣುತ್ತಿರಲಿಲ್ಲ.

ತೊಡಕಿನ ಗಡ್ಡೆ ಬಂದರೆ ಯಾರೂ ಒಬ್ಬರೇ ತೀರ್ಮಾನ ಹೇಳಬಾರದೆಂದು ಅವರವರಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ನಡುದಾರಿಯ ಹೊಸನಗರದಲ್ಲಿ, ರೇಡಿಯಾಲಜಿಸ್ಟ್ ಹರ್ಷವರ್ಧನನ ಸ್ಕ್ಯಾನಿಂಗ್ ಸೆಂಟರಿನಲ್ಲಿ, ಶನಿವಾರ ಮೂವರೂ ಸೇರಬೇಕು. ಸುಲಭದ್ದಾದರೆ ಫೋನಿನಲ್ಲೇ ಮುಗಿಯಿತು. ಈ ವರ್ಷ ಎಲ್ಲವೂ ಸುಲಭದ್ದೇ ಬಂದು ಸೌಜನ್ಯಾ ಸೊರಗಿಹೋಗಿದ್ದಳು.

ಆಗ ಬಂತು ಇಕ್ಕೇರಿಯ ವರದಮ್ಮನ ಗಡ್ಡೆ. ಸ್ಲೈಡಿನಲ್ಲಿ ಉದ್ದುದ್ದ ಜೀವಕೋಶಗಳು ಒತ್ತೊತ್ತಾಗಿ ನಿಂತಿದ್ದವು. ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವಂತಿರಲಿಲ್ಲ. ಶನಿವಾರ ಸೇರುವುದೆಂದಾಯಿತು.

"ಮೂಳೆನ ಪಕ್ಕಕ್ಕೆ ತಳ್ಳಿದೆ, ತಿಂದಿಲ್ಲ ಕಣೆ" ಎಂದ ಹರ್ಷವರ್ಧನ, ಆ ಶನಿವಾರ ಸ್ಕ್ಯಾನ್ ನೋಡಿ.

"ವರ್ಷಗಟ್ಲೆ ನಿಧಾನಕ್ಕೆ ಬೆಳೆದಿರ್ಬೇಕು" ಎಂದ ಅಶ್ವಿನ್.

ಆ ಎರಡು ಮಾತು ಹಿಡಿದು ಅವಳು ಒಂದು ವಿಶೇಷ ಪರೀಕ್ಷೆಗೆಂದು ತುಣುಕನ್ನು ಮಂಗಳೂರಿಗೆ ಕಳಿಸಿದಳು. ತೀರ್ಮಾನಕ್ಕೆ ಮುಂದಿನ ಶನಿವಾರ ಮತ್ತೆ ಸೇರುವುದೆಂದಾಯಿತು. ಗುರುವಾರ ಉತ್ತರ ಬಂತು. ನರದ ಹೊದಿಕೆಯಲ್ಲಿ ಹುಟ್ಟಿದ ಗಡ್ಡೆ. ಮೂಗಿನಲ್ಲಿ ಅಪರೂಪ, ಆದರೆ ಕ್ಯಾನ್ಸರ್ ಅಲ್ಲ. ತೆಗೆದರೆ ಮುಗಿಯಿತು. ಸಂಶಯಕ್ಕೆ ಎಡೆಯೇ ಇರಲಿಲ್ಲ.

ಅಶ್ವಿನ್‌ಗೆ ತಿಳಿಸಲು ಫೋನ್ ಕೈಗೆತ್ತಿಕೊಂಡಳು. ಮಾಡಿದರೆ ಶನಿವಾರ ಇಲ್ಲ. ಎರಡು ದಿನಕ್ಕೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ಫೋನ್ ಕೆಳಗಿಟ್ಟಳು. ಶುಕ್ರವಾರ ಸೀರೆಗೆ ಇಸ್ತ್ರಿ ಹಾಕಿಸಿದಳು.

ಶನಿವಾರ ಅಶ್ವಿನ್ ಒಬ್ಬನೇ ಬರಲಿಲ್ಲ. ತೀರ್ಮಾನ ಕಿವಿಯಾರೆ ಕೇಳಬೇಕೆಂದು ಹಟ ಹಿಡಿದ ವರದಮ್ಮನೂ ಕಾರಿನಿಂದಿಳಿದಳು. ಸೌಜನ್ಯಾ ವಿಷಯ ಹೇಳಿದಳು. ವರದಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

"ಇದು ಮೊನ್ನೆನೇ ಗೊತ್ತಾಗಿದ್ರೆ ಎಷ್ಟು ಚೊಲೋ ಇತ್ತು ಡಾಕ್ಟ್ರಮ್ಮ. ನಾ ಹೋದ್ಮೇಲೆ ನೋಡೋರು ಯಾರು ಅಂತ ನಿನ್ನೆ ನಮ್ ಕೌಲಿ ಹಸೂನ ಹುಲಿಕಲ್ ತಂಗಿ ಮನೆಗೆ ಕಳ್ಸಿಬಿಟ್ಟೆ. ಗಾಡಿ ಹತ್ತಕ್ಕೆ ಒಲ್ಲೆ ಅಂತು. ಕೂಗ್ತಾನೇ ಹೋಯ್ತು."

ಸೌಜನ್ಯಾ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ವರದಮ್ಮನ ಕೈ ತನ್ನ ಕೈಯಲ್ಲಿರುವಾಗ ಸುಮ್ಮನಿರಲು ಆಗಲಿಲ್ಲ.

"ನಂಗೆ ಗುರುವಾರಾನೇ ಗೊತ್ತಾಗಿತ್ತು ವರದಮ್ಮ."

ಅಶ್ವಿನ್ ತಿರುಗಿ ನೋಡಿದ. "ಮತ್ತೆ ಒಂದು ಫೋನ್ ಮಾಡಕ್ಕೆ ಏನಾಗಿತ್ತು ನಿಂಗೆ?"

"ಮಾಡಿದ್ರೆ ನೀನು ಬರ್ತಿರ್ಲಿಲ್ಲ."

ಹರ್ಷವರ್ಧನ ಕಿಟಕಿಯ ಕಡೆ ಮುಖ ಮಾಡಿದ. ಅಶ್ವಿನ್ ಅವಳನ್ನೇ ನೋಡುತ್ತ ನಿಂತ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು. ಅವಳು ಹಂಬಲಿಸಿದ್ದ ನೋಟ ಮಾತ್ರ ಅದಾಗಿರಲಿಲ್ಲ.

"ಬನ್ನಿ ವರದಮ್ಮ, ಹುಲಿಕಲ್‌ಗೆ ಹೋಗಿ ಬರೋಣ" ಎಂದು ಅವನು ಕಾರಿನ ಕೀಲಿ ತೆಗೆದುಕೊಂಡ.