ಎಡಗಡೆಯ ಗೋಡೆ

ಪಂದ್ಯಕ್ಕೆ ಇಳಿಯುವ ಮೊದಲು ಅತ್ತಿಗೆಯ ಮೊಣಕಾಲಿಗೆ ಪಟ್ಟಿ ಸುತ್ತುವುದು ನಾದಿನಿಯ ಕೆಲಸ. ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅಂದೂ ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲದ ಮೇಲೆ ಕೂತು, ನಾಲಿಗೆಯ ತುದಿ ಕಚ್ಚಿಕೊಂಡು ಸುತ್ತುತ್ತಿದ್ದಳು. ಮಾತೇ ಇರಲಿಲ್ಲ. ಹಲವು ದೇಶದವರು ಸೇರಿದ್ದ ಆ ದೊಡ್ಡ ಕ್ರೀಡಾಕೂಟಕ್ಕೆ ಬಂದ ಮೊದಲ ದಿನ ಇದೇ ಹುಡುಗಿ ಊಟದ ಮನೆಯಲ್ಲಿ ಭಾರ ಎತ್ತುವವರ ತುಂಬಿ ತುಳುಕುವ ತಟ್ಟೆಗಳನ್ನು ನೋಡಿ, ನಾವು ತಪ್ಪಾದ ಆಟಕ್ಕೆ ಸೇರಿಕೊಂಡೆವು ಎಂದು ನಗಿಸಿದ್ದಳು.

ಮಾತು ನಿಂತದ್ದಕ್ಕೆ ಕಾರಣವಿತ್ತು. ಮಹಿಳೆಯರ ಟೆನಿಸ್ ಜೋಡಿ ಆಟದಲ್ಲಿ ಹಿಂದಿನ ದಿನ ಸೆಮಿಫೈನಲ್ ಸೋತಿದ್ದರು. ಉಳಿದಿದ್ದು ಮೂರನೆಯ ಸ್ಥಾನದ ಪಂದ್ಯ ಒಂದೇ. ಗೆದ್ದರೆ ಕಂಚು, ಸೋತರೆ ಬರಿಗೈ. ನಾದಿನಿಗೆ ಇನ್ನೂ ವಯಸ್ಸಿತ್ತು, ಇನ್ನೊಂದು ಕೂಟ ಕಾಣಬಹುದು. ಅತ್ತಿಗೆಯ ಮೊಣಕಾಲನ್ನು ನೋಡಿದ ವೈದ್ಯರು ಈ ಕೂಟ ಮುಗಿದ ಮೇಲೆ ಆಟ ಸಾಕು ಎಂದು ಹೇಳಿಯಾಗಿತ್ತು.

ಇವರಿಬ್ಬರ ಜೋಡಿ ಆಟ ಬೆಳೆದದ್ದು ಮನೆಯ ಹಿತ್ತಲಲ್ಲಿ. ನಾದಿನಿಯ ಅಪ್ಪ, ಅಂದರೆ ಅತ್ತಿಗೆಯ ಮಾವ, ಒಂದು ಕ್ಲಬ್ಬಿನಲ್ಲಿ ಟೆನಿಸ್ ಅಂಕಣಕ್ಕೆ ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವ ಕೆಲಸದಲ್ಲಿದ್ದವರು. ಅಲ್ಲಿ ಬೇಡವಾದ ಬಲೆ ತಂದು ಹಿತ್ತಲಲ್ಲಿ ಕಟ್ಟಿದ್ದರು. ಜಾಗ ಉದ್ದಕ್ಕೆ ಸಾಕಾಗಿತ್ತು, ಅಗಲಕ್ಕೆ ಇಕ್ಕಟ್ಟು. ಎಡಗಡೆ ಗೆರೆ ದಾಟಿದರೆ ಎರಡು ಹೆಜ್ಜೆಗೆ ಪಕ್ಕದ ಗೋದಾಮಿನ ಗೋಡೆ. ಎಡಗೈ ಆಟದ ನಾದಿನಿ ಹತ್ತು ವರ್ಷದವಳಿದ್ದಾಗ ಚೆಂಡಿನ ಹಿಂದೆ ಓಡಿ ಆ ಗೋಡೆಗೆ ಹಣೆ ಒಡೆದುಕೊಂಡಳು. ಹುಬ್ಬಿನ ಮೇಲೆ ಇವತ್ತಿಗೂ ಕಲೆ ಇದೆ. ಅಂದಿನಿಂದ ಮಾವನ ಕಾನೂನು: ಚೆಂಡು ಆ ಕಡೆ ಹೋದರೆ ಯಾರೂ ಓಡಬಾರದು. ಕೈ ಎತ್ತಿ "ಗೋಡೆ" ಅನ್ನಬೇಕು, ಆ ಚೆಂಡು ಲೆಕ್ಕಕ್ಕಿಲ್ಲ, ಮತ್ತೆ ಆಡಬೇಕು. ತುದಿ ಬದಲಿಸುವ ಪದ್ಧತಿಯೂ ಇರಲಿಲ್ಲ. ಚೆಂಡಿನ ಬುಟ್ಟಿ ಇಟ್ಟುಕೊಂಡು ಮಾವ ಆ ತುದಿ, ಇವರು ಯಾವಾಗಲೂ ಈ ತುದಿ. ಹಾಗಾಗಿ ಗೋಡೆ ಯಾವತ್ತೂ ಎಡಕ್ಕೇ.

ಬಯಲಿನಲ್ಲಿ ಆಡಿ ಬೆಳೆದಿದ್ದ ಅತ್ತಿಗೆ ಸೊಸೆಯಾಗಿ ಬಂದಾಗ ಇದನ್ನು ಕಂಡು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದಳು. ಒಂದು ವರ್ಷವಾಗುವಷ್ಟರಲ್ಲಿ ಅವಳೂ ಕೈ ಎತ್ತಿ ಗೋಡೆ ಅನ್ನತೊಡಗಿದ್ದಳು.

ಹೊರಗಿನ ಅಂಕಣಗಳಲ್ಲಿ ನಾದಿನಿ ಎಲ್ಲ ಕಡೆಗೂ ಓಡುತ್ತಿದ್ದಳು, ಚಿಗರೆಯ ಹಾಗೆ. ಎದೆ ಡವಗುಟ್ಟುವ ಗಳಿಗೆಯಲ್ಲಿ ಮಾತ್ರ ಅವಳ ಕಾಲು ಹಿತ್ತಲಿಗೆ ಹೋಗಿಬಿಡುತ್ತಿತ್ತು. ಅಂದು ಆದದ್ದು ಅದೇ. ಮೊದಲ ಸೆಟ್ಟು ಸಮಸಮವಾಗಿ ಎಳೆದಾಡಿ ಕೊನೆಗೆ ಬಂದಾಗ ಎದುರಾಳಿಗಳಲ್ಲಿ ಎತ್ತರದವಳು ಚೆಂಡನ್ನು ಇವರ ಎಡಕ್ಕೆ, ಗೆರೆಯ ಅಂಚಿಗೆ ಬಾಗಿಸಿ ಹೊಡೆದಳು. ನಾದಿನಿ ಎರಡು ಹೆಜ್ಜೆ ಹಾಕಿ ಗಕ್ಕನೆ ನಿಂತಳು. ಕೈ ಎತ್ತಿದಳು. "ಗೋಡೆ" ಅಂದಳು. ಅತ್ತಿಗೆಯೂ ಹೌದು ಅನ್ನುವಂತೆ ತಲೆಯಾಡಿಸಿ, ಮತ್ತೆ ಆಡಲು ತನ್ನ ಜಾಗಕ್ಕೆ ಹೋಗಿ ನಿಂತುಬಿಟ್ಟಳು.

ಎತ್ತರದ ಕುರ್ಚಿಯ ತೀರ್ಪುಗಾರ ಬಗ್ಗಿ, ಏನಾಯಿತು ಎಂದು ಕೇಳಿದ. ಏನೆಂದು ಹೇಳುವುದು? ಗೋದಾಮು ಎಷ್ಟೋ ದೇಶಗಳಾಚೆ ಇತ್ತು. ಅತ್ತಿಗೆ ಕೈ ಮುಗಿದು ಏನೂ ಇಲ್ಲ ಎಂದಳು. ಸೆಟ್ಟು ಹೋಯಿತು.

ಎದುರಾಳಿಗಳು ದಡ್ಡರಲ್ಲ. ಈ ಜೋಡಿಯ ಬೀಗದ ಕೈ ಎಲ್ಲಿದೆ ಎಂದು ಅವರಿಗೆ ತಿಳಿದುಹೋಗಿತ್ತು. ಬೆಂಚಿನ ಮೇಲೆ ಕೂತಾಗ ಅತ್ತಿಗೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು. ಹೊಸ ಸೆಟ್ಟು ಶುರುವಾಗುವಾಗ ಜಾಗ ಬದಲಿಸಲು ನಿಯಮದಲ್ಲಿ ಅವಕಾಶವಿತ್ತು.

"ನೀನು ಬಲಕ್ಕೆ ಬಾ. ಎಡಕ್ಕೆ ನಾನು ನಿಲ್ತೀನಿ."

"ಆ ಕಾಲಿಗೆ ಪಟ್ಟಿ ಸುತ್ತಿದೋಳು ನಾನು, ಅತ್ತಿಗೆ. ಅದು ಎಲ್ಲೀವರೆಗೆ ಓಡುತ್ತೆ ಅಂತ ನಿಮಗಿಂತ ನನಗೆ ಚೆನ್ನಾಗಿ ಗೊತ್ತು."

"ಮತ್ತೆ ಗೋಡೆ?"

ನಾದಿನಿ ಹುಬ್ಬಿನ ಕಲೆಯನ್ನು ಬೆರಳಿನಿಂದ ಒರೆಸಿಕೊಂಡಳು. "ಗೋಡೆ ಕಾಯೋರು ಅಪ್ಪ. ಅಪ್ಪ ಇಲ್ಲಿಲ್ವಲ್ಲ."

ಎರಡನೆಯ ಸೆಟ್ಟನ್ನು ಅವಳು ಗೆದ್ದುಕೊಟ್ಟ ಬಗೆ ನೋಡುವಂಥದ್ದು. ಚೆಂಡು ಎಡಕ್ಕೆ ದೂರ ಹೋಗುವ ಮೊದಲೇ ಬಲೆಯ ಹತ್ತಿರ ನುಗ್ಗಿ ತಡೆದಳು. ಗೋಡೆಯವರೆಗೆ ಹೋಗಲು ಚೆಂಡಿಗೆ ಪುರುಸೊತ್ತೇ ಕೊಡಲಿಲ್ಲ. ಅತ್ತಿಗೆ ಹಿಂದೆ ನಿಂತು, ಕಾಲು ಉಳಿಸಿಕೊಂಡು, ತಲೆಯಿಂದ ಆಡಿದಳು. ಆದರೆ ತಡೆಯುತ್ತ ಎಷ್ಟು ಹೊತ್ತು ಇರಲಾದೀತು? ಸೆಟ್ಟುಗಳು ಒಂದೊಂದಾಗಿ ಸಮವಾದ ಮೇಲೆ ನಡೆದ ಕೊನೆಯ ನಿರ್ಣಾಯಕ ಆಟದಲ್ಲಿ, ಇನ್ನೊಂದೇ ಅಂಕ ಬಂದರೆ ಕಂಚು ಇವರದು ಅನ್ನುವಾಗ, ಎತ್ತರದವಳು ಕಾದಿಟ್ಟುಕೊಂಡಿದ್ದ ಆ ಹೊಡೆತವನ್ನೇ ಹೊರತೆಗೆದಳು. ಚೆಂಡು ಎಡಗಡೆಯ ಗೆರೆಗೆ ತಾಗಿ ಹೊರಕ್ಕೆ ಜಾರಿತು.

ಅತ್ತಿಗೆಯ ಬಾಯಲ್ಲಿ "ಗೋಡೆ" ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ಹಿಡಿದಳು.

ನಾದಿನಿ ಓಡಿದಳು. ಒಂದು ಹೆಜ್ಜೆ, ಎರಡು. ಅಲ್ಲಿಗೆ ಅವಳ ಎಡ ಭುಜ ತಾನಾಗಿ ಕುಗ್ಗಿತು, ತಲೆ ಒಳಗೆ ಎಳೆದುಕೊಂಡಿತು, ಪೆಟ್ಟು ಬೀಳುವ ಮುಂಚೆ ಮೈ ಬಿಗಿ ಮಾಡಿಕೊಳ್ಳುವ ಹಾಗೆ. ಆದರೂ ಕಾಲು ನಿಲ್ಲಲಿಲ್ಲ. ಗೋಡೆ ಇರಬೇಕಾಗಿದ್ದ ಜಾಗವನ್ನು ದಾಟಿ, ಬಲೆ ಕಟ್ಟಿದ ಕಂಬದಿಂದಲೂ ಹೊರಗೆ, ನೆಲದಿಂದ ಗೇಣೆತ್ತರದಲ್ಲಿದ್ದ ಚೆಂಡನ್ನು ಎಡಗೈಯಿಂದ ಬಾಚಿ ಹೊಡೆದಳು. ಅದು ಬಲೆಯ ಮೇಲೆ ಹೋಗಲೇ ಇಲ್ಲ. ಕಂಬವನ್ನು ಬಳಸಿಕೊಂಡು, ಸಂದಿಯಿಂದ ನುಸುಳಿದ ಬೆಕ್ಕಿನ ಹಾಗೆ, ಆಚೆಯ ಮೂಲೆಯಲ್ಲಿ ಮೆತ್ತಗೆ ಬಿತ್ತು. ಕಂಬ ಬಳಸಿ ಬಂದ ಚೆಂಡೂ ಸರಿಯಾದ ಚೆಂಡೇ. ತೀರ್ಪುಗಾರ ಅದನ್ನೇ ಹೇಳಿ ಅಂಕವನ್ನು ಇವರಿಗೆ ಕೊಟ್ಟ. ಎತ್ತರದವಳು ಸೋಲನ್ನು ಮರೆತು ರ‍್ಯಾಕೆಟ್ಟಿನ ಮೇಲೆ ಅಂಗೈ ತಟ್ಟಿದಳು. ಅಂಥ ಹೊಡೆತ ಹಿತ್ತಲಲ್ಲಿ ಸಾಧ್ಯವೇ ಇರಲಿಲ್ಲ. ಅಲ್ಲಿ ಕಂಬದಾಚೆ ಜಾಗವೆಲ್ಲಿತ್ತು?

ಪದಕ ಕೊರಳಿಗೆ ಬಿದ್ದ ಮೇಲೆ ಮನೆಗೆ ಫೋನು ಮಾಡಿದರು. ಗೆದ್ದಿರಲ್ಲ, ಸಂತೋಷ, ಊಟ ಆಯಿತಾ ಎಂದೆಲ್ಲ ಕೇಳಿದ ಮಾವ ಆಮೇಲೆ ತಡವರಿಸಿದರು. ಆ ಕೊನೇ ಹೊಡೆತ ಹೇಗಿತ್ತು ಎಂದು ಸೊಸೆಯನ್ನು ವಿಚಾರಿಸಿದರು.

"ಟಿವಿ ಮುಂದೇನೇ ಕೂತಿದ್ರಲ್ಲ ಮಾವ?"

"ಕೂತಿದ್ದೆ. ಗೋಡೆ ಇಲ್ಲ ಅಂತ ಗೊತ್ತಿತ್ತು ಕಣಮ್ಮ. ಆದ್ರೂ ಅವಳು ಓಡಿದ ಕೂಡ್ಲೇ ಕಣ್ಣು ಮುಚ್ಕೊಂಡೆ."

ಪಕ್ಕದಲ್ಲಿ ಕಿವಿಯಾನಿಸಿ ಕೂತಿದ್ದ ನಾದಿನಿ ನಗಲಿಲ್ಲ. "ನಾನೂ ಅಷ್ಟೇ ಅಪ್ಪ," ಅಂದಳು. "ಚೆಂಡು ತಾಗಿದ ಮೇಲೆ ಎಲ್ಲಿ ಹೋಯ್ತೋ ನನಗೂ ಗೊತ್ತಿಲ್ಲ."

ಹೀಗೆ ಆ ಮೂವರಲ್ಲಿ ಆ ಹೊಡೆತವನ್ನು ಕಣ್ಣು ಬಿಟ್ಟು ನೋಡಿದವಳು ಅತ್ತಿಗೆ ಒಬ್ಬಳೇ. ಅವಳು ಮೊಣಕಾಲನ್ನು ಕುರ್ಚಿಯ ಮೇಲೆ ಚಾಚಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಕೇಳುತ್ತಿದ್ದ ಇಬ್ಬರಿಗೂ ಮೊದಲಿನಿಂದ ಹೇಳತೊಡಗಿದಳು.